ಹೈವೇಯಲ್ಲಿ ಕಾರು ನಡುಗಿದರೆ: ವೀಲ್ ಬ್ಯಾಲೆನ್ಸಿಂಗಾ, ಅಲೈನ್‌ಮೆಂಟಾ?

ಊರೊಳಗೆ ಚೆನ್ನಾಗಿ ಓಡುವ ಕಾರು ಬೆಂಗಳೂರು–ಮೈಸೂರು ಹೈವೇಗೆ ಹತ್ತಿದ ಮೇಲೆ ನಡುಗುತ್ತದೆ. ಗ್ಯಾರೇಜಿನಲ್ಲಿ ಬ್ಯಾಲೆನ್ಸಿಂಗ್ (ಚಕ್ರದ ಸುತ್ತಲೂ ತೂಕ ಸಮ ಮಾಡುವುದು), ಅಲೈನ್‌ಮೆಂಟ್ (ಚಕ್ರಗಳು ನಿಂತಿರುವ ಕೋನ ಸರಿಮಾಡುವುದು) ಎರಡನ್ನೂ ಮಾಡಿಸಿ ಅನ್ನುತ್ತಾರೆ. ಸುಮ್ನೆ ಒಪ್ಪಬೇಡಿ, ಮೊದಲು ಲಕ್ಷಣ ನೋಡಿ.

ಗಂಟೆಗೆ 60 ಕಿ.ಮೀ.ನಲ್ಲಿ ಇಲ್ಲದ ನಡುಕ 80–100ರ ಹೊತ್ತಿಗೆ ಶುರುವಾಗುತ್ತದೆಯೇ? ಹಾಗಾದರೆ ಮೊದಲು ಬ್ಯಾಲೆನ್ಸಿಂಗ್ ಮಾಡಿಸಿ. ಚಕ್ರದ ಒಂದು ಕಡೆ ಕೆಲವೇ ಗ್ರಾಂ ತೂಕ ಜಾಸ್ತಿ ಇದ್ದರೂ ಸಾಕು, ವೇಗ ಏರಿದಾಗ ಅದು ಇಡೀ ಚಕ್ರವನ್ನು ಕುಣಿಸುತ್ತದೆ. ಬ್ಯಾಲೆನ್ಸ್‌ಗೆಂದು ರಿಮ್ಮಿಗೆ ಅಂಟಿಸಿದ್ದ ಸಣ್ಣ ತೂಕ ಬಿದ್ದುಹೋಗಿರಬಹುದು. ಒಳಗೆ ಕೆಸರು ಮೆತ್ತಿಕೊಂಡಿರಬಹುದು, ಅದನ್ನು ತೊಳೆದರೇ ಸರಿಹೋಗುವುದೂ ಉಂಟು. ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರಗಳನ್ನು, ಸೀಟು ಅದುರಿದರೆ ಹಿಂದಿನವನ್ನು ಮೊದಲು ನೋಡಿಸಿ.

ಅಲೈನ್‌ಮೆಂಟ್ ಕಥೆಯೇ ಬೇರೆ. ಅದು ಕೆಟ್ಟರೆ ಕಾರು ಒಂದು ಕಡೆಗೆ ಎಳೆಯುತ್ತದೆ, ನೇರ ಹೋಗುವಾಗಲೂ ಸ್ಟೀರಿಂಗ್ ಸೊಟ್ಟಗಿರುತ್ತದೆ, ಟೈರಿನ ಒಂದೇ ಅಂಚು ಸವೆಯುತ್ತದೆ. ಬರೀ ನಡುಕಕ್ಕೆ ಇದು ಮದ್ದಲ್ಲ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಎರಡೂ ಬೇಡ, ಬ್ರೇಕ್ ಡಿಸ್ಕ್ ತೋರಿಸಿ. ಟೈರಿನ ಪಕ್ಕದಲ್ಲಿ ಉಬ್ಬು ಕಂಡರಂತೂ ಹೈವೇ ಹತ್ತಲೇಬೇಡಿ. ಜೀವದ ವಿಷಯ ಅಲ್ವಾ, ಆ ಟೈರನ್ನೇ ಬದಲಿಸಿ.