ಚಳಿಗಾಲದ ಕಿಟ್ ಕೊಡಗಿನ ಮಳೆಗೆ ತಡೆಯುತ್ತದೆಯೇ? ಬೈಕ್ ನಿಲ್ಲಿಸಿಡುವ ಸಾಮಾನುಗಳ ವಿಮರ್ಶೆ

ಆನ್‌ಲೈನ್‌ನಲ್ಲಿ ‘ವಿಂಟರ್ ಸ್ಟೋರೇಜ್’ ಎಂದು ಮಾರುವ ಚಾರ್ಜರ್, ಕವರ್, ಪೆಟ್ರೋಲ್ ಸ್ಟೆಬಿಲೈಸರ್, ಸ್ಟ್ಯಾಂಡ್ ಎಲ್ಲವೂ ಹಿಮ ಬೀಳುವ ಊರಿನವರಿಗೆಂದು ಮಾಡಿದ್ದು. ಅವರು ನವೆಂಬರಿನಲ್ಲಿ ನಿಲ್ಲಿಸಿದ ಬೈಕನ್ನು ಮಾರ್ಚ್‌ನಲ್ಲಿ ತೆಗೆಯುತ್ತಾರೆ, ನಾವು ಜೂನ್‌ನಲ್ಲಿ ನಿಲ್ಲಿಸಿ ಸೆಪ್ಟೆಂಬರಿನಲ್ಲಿ. ತಿಂಗಳ ಲೆಕ್ಕ ಹೆಚ್ಚುಕಮ್ಮಿ ಒಂದೇ. ಆದರೆ ಅಲ್ಲಿ ಬೈಕನ್ನು ಕಾಡುವುದು ಚಳಿ, ಇಲ್ಲಿ ತೇವ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದಲ್ಲಿ ಭಾಗಮಂಡಲದ ಕಡೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಶೆಡ್ಡಿನಲ್ಲಿರುವ ಕಬ್ಬಿಣವೂ ಅದೇ ಗಾಳಿಯಲ್ಲಿ ಇರುತ್ತದೆ. ಹಾಗಾಗಿ ಈ ಕಿಟ್‌ನಲ್ಲಿ ಒಂದು ಸಾಮಾನಿಗೆ ಕೊಟ್ಟ ದುಡ್ಡು ಸಾರ್ಥಕ, ಒಂದೆರಡು ಇದ್ದರೂ ಇಲ್ಲದಿದ್ದರೂ ಸರಿ, ಇನ್ನೊಂದು ಬೈಕನ್ನೇ ಹಾಳುಮಾಡುತ್ತದೆ. ಲೆಕ್ಕಕ್ಕೆ ಈಗಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇಟ್ಟುಕೊಳ್ಳೋಣ: 13 ಲೀಟರ್ ಟ್ಯಾಂಕ್, 12 ವೋಲ್ಟ್ 8 ಆಂಪಿಯರ್-ಅವರ್ ಬ್ಯಾಟರಿ.

ಸಾರ್ಥಕ ಸಾಮಾನು ಚಾರ್ಜರ್. ಕೀ ತೆಗೆದರೂ ಗಡಿಯಾರ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಂದಿಷ್ಟು ಕರೆಂಟ್ ಎಳೆಯುತ್ತಲೇ ಇರುತ್ತವೆ. ಬರೀ 2 ಮಿಲಿಆಂಪ್ ಎಂದರೂ ತಿಂಗಳಿಗೆ 1.44 ಆಂಪಿಯರ್-ಅವರ್, ಮೂರು ತಿಂಗಳಿಗೆ 4.3. ಅಂದರೆ ಅರ್ಧ ಬ್ಯಾಟರಿ ಖಾಲಿ. ಹಾಗೇ ಬಿಟ್ಟರೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಂತೆ ಹಿಡಿಯುವುದಿಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಆಂಪ್. 8 ಆಂಪಿಯರ್-ಅವರ್ ಬ್ಯಾಟರಿಗೆ 0.8ರಿಂದ 1 ಆಂಪ್ ಸಾಕು, ಹತ್ತನೇ ಒಂದು ಭಾಗದ ಹಳೇ ಲೆಕ್ಕ. ಜೀಪಿಗೆಂದು ತಂದ 6 ಆಂಪ್ ಚಾರ್ಜರ್ ಹಾಕಿದರೆ ಬ್ಯಾಟರಿ ಬಿಸಿಯಾಗಿ ಉಬ್ಬುತ್ತದೆ. ಎರಡನೆಯದು ಫ್ಲೋಟ್, ಅಂದರೆ ಬ್ಯಾಟರಿ ತುಂಬಿದ ಮೇಲೆ ವೋಲ್ಟ್ ಇಳಿಸಿ ಹಾಗೇ ಕಾಯ್ದುಕೊಳ್ಳುವುದು. ಹಸಿರು ದೀಪ ಬಂದು ಒಂದು ದಿನ ಕಳೆದ ಮೇಲೆ, ಚಾರ್ಜರ್ ಹಾಕಿರುವಾಗಲೇ ಮಲ್ಟಿಮೀಟರ್ ಹಿಡಿಯಿರಿ. 13.2ರಿಂದ 13.8 ವೋಲ್ಟ್ ಒಳಗೆ ಇದ್ದರೆ ಸರಿ. ಆಗಲೂ 14.4ರ ಮೇಲೆಯೇ ನಿಂತಿದ್ದರೆ ವಾಪಸ್ ಕೊಡಿ. ಡಬ್ಬದ ಮೇಲೆ ‘ಸ್ಮಾರ್ಟ್’ ಎಂದು ಬರೆದಿದ್ದರೂ ಅದು ಮೆಲ್ಲಗೆ ಬ್ಯಾಟರಿಯನ್ನು ಒಣಗಿಸುತ್ತದೆ. ಸೀಲ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಲು ದಾರಿಯಿಲ್ಲ.

ಮೂರನೆಯದನ್ನು ಹೊರದೇಶದ ವಿಮರ್ಶೆಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ, ಇಲ್ಲಿ ಅದೇ ಮುಖ್ಯ: ಕರೆಂಟ್ ಹೋಗಿ ಬಂದಾಗ ಚಾರ್ಜರ್ ತಾನಾಗಿ ಶುರುವಾಗುತ್ತದೆಯೇ? ಮೋಡ್ ಬಟನ್ ಇರುವ ಎಷ್ಟೋ ಚಾರ್ಜರ್‌ಗಳು ಕರೆಂಟ್ ಬಂದ ಮೇಲೂ ಸ್ಟ್ಯಾಂಡ್‌ಬೈನಲ್ಲೇ ಕುಳಿತಿರುತ್ತವೆ, ಯಾರಾದರೂ ಬಂದು ಒತ್ತುವ ತನಕ. ಮರ ಬಿದ್ದು ಲೈನ್ ಹೋದರೆ ಮೂರು ದಿನ ಕತ್ತಲೆ ಕೂರುವ ಊರಲ್ಲಿ ಅದರಿಂದ ಏನು ಪ್ರಯೋಜನ? ಕೆಲವಂತೂ ಕರೆಂಟ್ ಇಲ್ಲದಾಗ ಬ್ಯಾಟರಿಯಿಂದಲೇ ಚೂರು ಎಳೆಯುತ್ತವೆ. ತಂದ ದಿನವೇ ಪರೀಕ್ಷಿಸಿ: ಚಾರ್ಜಿಗೆ ಹಾಕಿ, ಗೋಡೆಯ ಸ್ವಿಚ್ ಒಂದು ನಿಮಿಷ ಆರಿಸಿ, ಮತ್ತೆ ಹಾಕಿ, ದೀಪ ನೋಡಿ. ಬಟನ್ನೇ ಇಲ್ಲದ ಸಾದಾ ಚಾರ್ಜರ್ ಈ ವಿಷಯದಲ್ಲಿ ಮೇಲು. ಮಂಜಿನ ಹೂವಿನ ಗುರುತಿರುವ ಮೋಡ್ ಚಳಿಗೂ ಕೆಲವು ಬಗೆಯ ಬ್ಯಾಟರಿಗೂ ಹೆಚ್ಚು ವೋಲ್ಟ್ ಕೊಡುವಂಥದ್ದು, ಮಡಿಕೇರಿಯ ಚಳಿಗೆ ಅದನ್ನು ಒತ್ತಬೇಡಿ.

ಮೊಸಳೆ ಕ್ಲಿಪ್ ಈ ತೇವಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಜೊತೆಗೆ ಬರುವ ಫ್ಯೂಸ್ ಇರುವ ರಿಂಗ್ ವೈರನ್ನೇ ಟರ್ಮಿನಲ್‌ಗೆ ಬಿಗಿದು, ಬಿಗಿದ ಮೇಲೆ ವ್ಯಾಸಲೀನ್ ಸವರಿ. ಶೆಡ್ಡಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲವಾದರೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ತನ್ನಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಹಿಂದುಮುಂದಾದರೆ ಸ್ಪ್ಯಾನರ್ ಚಾಸಿಗೆ ತಗುಲಿ ಕಿಡಿ ಹಾರುತ್ತದೆ. ತಿಂಗಳಿಗೊಮ್ಮೆ ಅಳೆದು, 12.5ಕ್ಕಿಂತ ಇಳಿದಿದ್ದರೆ ಒಂದು ರಾತ್ರಿ ಚಾರ್ಜಿಗೆ ಹಾಕಿದರೆ ಆಯಿತು.

ಹಾಳುಮಾಡುವ ಸಾಮಾನು ವಾಟರ್‌ಪ್ರೂಫ್ ಕವರ್. ಮೇಲಿನಿಂದ ಬೀಳುವ ನೀರನ್ನು ಅದು ತಡೆಯುತ್ತದೆ, ಒಪ್ಪೋಣ. ಆದರೆ ಶೆಡ್ಡಿನೊಳಗೆ ನೀರು ಮೇಲಿನಿಂದ ಬರುವುದೇ ಇಲ್ಲ, ನೆಲದಿಂದ ಏಳುತ್ತದೆ. ಮಣ್ಣು ನೆಲವಿರಲಿ, ಸಿಮೆಂಟ್ ನೆಲವಿರಲಿ, ಜುಲೈನಲ್ಲಿ ಬೆವರುತ್ತಲೇ ಇರುತ್ತದೆ. ಆ ಆವಿ ಕವರ್ ಒಳಗೆ ಸಿಕ್ಕಿಕೊಂಡು ರಾತ್ರಿ ತಣ್ಣಗಾದ ಟ್ಯಾಂಕಿನ ಮೇಲೆ ಹನಿಗಟ್ಟುತ್ತದೆ. ಎರಡು ವಾರ ಬಿಟ್ಟು ಕವರ್ ಎತ್ತಿದರೆ ಸೀಟಿನ ಹೊಲಿಗೆಯುದ್ದಕ್ಕೂ ಬೂದು ಬಣ್ಣದ ಬೂಷ್ಟು, ಸ್ಪೋಕ್ ನಿಪ್ಪಲ್‌ಗಳ ಸುತ್ತ ಕೆಂಪು ಉಂಗುರ.

ಇದನ್ನು ತಲೆಕೆಳಗು ಮಾಡಿ. ಕಾಫಿ ಒಣಗಿಸುವ ಟಾರ್ಪಾಲಿನ ಹಳೇ ತುಂಡನ್ನು ಬೈಕಿನ ಕೆಳಗೆ ಹಾಸಿ, ಅದರ ಮೇಲೆ ಪ್ಲೈವುಡ್ ಇಟ್ಟು ಸೆಂಟರ್ ಸ್ಟ್ಯಾಂಡ್ ಹಾಕಿ, ಬೈಕಿನ ಮೇಲೆ ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿ. ಗೋಣಿಚೀಲ ಮಾತ್ರ ಬೇಡ, ತೇವ ಕುಡಿದು ಬೈಕಿಗೇ ಒತ್ತಿಕೊಂಡಿರುತ್ತದೆ. ತೆರೆದ ಜಾಗದಲ್ಲೇ ನಿಲ್ಲಿಸಬೇಕಾದವರಿಗೆ ಮಾತ್ರ ವಾಟರ್‌ಪ್ರೂಫ್ ಕವರ್ ಅನಿವಾರ್ಯ. ಆಗಲೂ ಗಾಳಿಕಿಂಡಿ ಇರುವುದನ್ನೇ ಕೊಳ್ಳಿ, ಮಳೆ ಬಿಟ್ಟಾಗ ಎತ್ತಿ ಗಾಳಿಯಾಡಿಸಿ.

ಜಾಗದ ಬಗ್ಗೆ ಒಂದು ಮಾತು, ಯಾವ ಕಿಟ್‌ನಲ್ಲೂ ಇದಕ್ಕೆ ಮದ್ದಿಲ್ಲ. ಗೊಬ್ಬರದ ಕೋಣೆಯಲ್ಲಿ ಬೈಕ್ ನಿಲ್ಲಿಸಬೇಡಿ. ಪೊಟ್ಯಾಷ್ ಎಂದರೆ ಕ್ಲೋರೈಡ್ ಉಪ್ಪು. ಅದರ ಧೂಳು ಕೂತ ಕಡೆ ತೇವ ಸೇರಿ ಕ್ರೋಮ್, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಬೋರ್ಡೋ ದ್ರಾವಣದ ಸ್ಪ್ರೇ ಪಂಪ್, ಮೈಲುತುತ್ತದ ಡ್ರಮ್ಮುಗಳೂ ದೂರವಿರಲಿ. ತಾಮ್ರದ ದ್ರಾವಣ ಎಂಜಿನ್ ಕೇಸಿಂಗ್ ಮೇಲೆ ಸಿಡಿದರೆ ಅಲ್ಲಿ ಗುಳಿ ಬೀಳುವುದು ಖಂಡಿತ.

ಪೆಟ್ರೋಲ್ ಸ್ಟೆಬಿಲೈಸರ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹೆಸರುವಾಸಿ ಸ್ಟ್ಯಾಬಿಲ್‌ನ ಪ್ರಮಾಣ ಸುಮಾರು 9.5 ಲೀಟರಿಗೆ 30 ಮಿಲಿ, 13 ಲೀಟರಿಗೆ 41 ಮಿಲಿ ಆಯಿತು. ಹಾಕಿದ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸದಿದ್ದರೆ ಅದು ಇಂಜೆಕ್ಟರ್ ತನಕ ಹೋಗುವುದೇ ಇಲ್ಲ. ಪೆಟ್ರೋಲ್ ಹಳಸುವುದನ್ನು ಇದು ನಿಧಾನ ಮಾಡುತ್ತದೆ. ಆದರೆ ನಮ್ಮ ಈಗಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನ ತೊಂದರೆ ಬೇರೆ: ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಿತಿ ಮೀರಿದರೆ ನೀರು ಸಮೇತ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪಂಪ್ ಇರುವುದೂ ಅಲ್ಲೇ. ಬೇರ್ಪಟ್ಟಿದ್ದನ್ನು ಯಾವ ಸ್ಟೆಬಿಲೈಸರ್ರೂ ಮತ್ತೆ ಕೂಡಿಸುವುದಿಲ್ಲ. ಟ್ಯಾಂಕ್ ಕತ್ತಿನ ಕೆಳಗಿನವರೆಗೆ ತುಂಬಿಸಿ ಇಟ್ಟರೆ ಒಳಗೆ ಗಾಳಿಗೆ ಜಾಗವಿಲ್ಲ, ತೇವವೂ ಕಮ್ಮಿ. ಹಳೇ ಕಾರ್ಬುರೇಟರ್ ಬೈಕಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಖಾಲಿ ಮಾಡಿ. ಇಲ್ಲದಿದ್ದರೆ ಪೈಲಟ್ ಜೆಟ್‌ನ ಸಣ್ಣ ತೂತಿಗೆ ಅಂಟು ಕಟ್ಟುತ್ತದೆ.

ಸ್ಪ್ರೇಗಳ ಪೈಕಿ ಡಬ್ಲ್ಯುಡಿ-40 ನೀರು ಹೊರಹಾಕಲು ಒಳ್ಳೆಯದು, ಮೂರು ತಿಂಗಳ ಕಾವಲಿಗೆ ಅದರ ಪದರ ತೀರಾ ತೆಳು. ತೊಳೆದು ಒಣಗಿಸಿದ ಮೇಲೆ ಒಮ್ಮೆ ಹೊಡೆದು ಒರೆಸಿ, ರಿಮ್ ಮತ್ತು ಸ್ಪೋಕಿಗೆ ವ್ಯಾಸಲೀನ್, ಚೈನಿಗೆ 90 ಗೇರ್ ಆಯಿಲ್. ಕೋವಿ ಇರುವ ಮನೆಯವರಿಗೆ ಉಕ್ಕಿನ ಮೇಲೆ ಎಣ್ಣೆ ಬಟ್ಟೆ ಆಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬ್ರೇಕ್ ಡಿಸ್ಕಿಗೆ ಮಾತ್ರ ಒಂದು ಹನಿಯೂ ತಾಗಬಾರದು.

ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಕೊಳ್ಳುವುದು, ಸೆಂಟರ್ ಸ್ಟ್ಯಾಂಡ್ ಇರುವವರಿಗೆ ದಂಡ. ಟೈರಿಗೆ ನಾಲ್ಕೈದು ಪಿಎಸ್‌ಐ ಹೆಚ್ಚು ಗಾಳಿ ಹೊಡೆಸಿ.

ಕಿಟ್‌ನಲ್ಲಿ ಇರದ ಎಂಜಿನ್ ಆಯಿಲ್‌ಗೇ ಮೊದಲ ಖರ್ಚು ಮಾಡಬೇಕು. ಹಳೇ ಆಯಿಲ್‌ನಲ್ಲಿ ಆಮ್ಲ, ನೀರು ಎರಡೂ ಸೇರಿರುತ್ತವೆ. ನಿಲ್ಲಿಸುವ ಮೊದಲೇ ಬದಲಿಸಿ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಆಮೇಲೆ ಮುಟ್ಟಬೇಡಿ. ಭಾನುವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುವ ರೂಢಿ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಮಾಡುತ್ತದೆ: ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ಆವಿ ಆಯಿಲ್‌ಗೆ ಸೇರಿ, ಮುಚ್ಚಳದ ಒಳಬದಿಗೆ ಹಾಲು ಕಾಫಿ ಬಣ್ಣದ ನೊರೆ ಅಂಟುತ್ತದೆ.

ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಕುಂಬಾರ ಹುಳು ಗೂಡು ಕಟ್ಟುತ್ತದೆ. ಆ ಬಟ್ಟೆಗೆ ಕೆಂಪು ದಾರ ಕಟ್ಟಿ ಹ್ಯಾಂಡಲ್ ತನಕ ಎಳೆದಿಡಿ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಬೈಕ್ ತೆಗೆಯುವಾಗ ಮೊದಲು ಏರ್ ಫಿಲ್ಟರ್ ಡಬ್ಬ ತೆರೆದು ಇಲಿ ಗೂಡು ಇದೆಯೇ ನೋಡಿ, ವೈರ್ ಕಡಿದಿದೆಯೇ ನೋಡಿ, ಗೇರ್ ಹಾಕಿ ಕ್ಲಚ್ ಹಿಡಿದು ಹಿಂದೆಮುಂದೆ ದಬ್ಬಿ ಅಂಟಿದ ಪ್ಲೇಟ್ ಬಿಡಿಸಿ. ದಾರ ಎಳೆದ ಮೇಲೆಯೇ ಸ್ಟಾರ್ಟ್ ಬಟನ್.