ಸೂರಿನ ತಗಡಿನ ದೋಣಿ ಸೋರಿದರೆ ಏನು ಹಾಕಬೇಕು: ಪುಟ್ಟಿ, ಸಿಲಿಕೋನ್, ಬ್ಯುಟೈಲ್ ಟೇಪ್

ಸೂರಿನ ಮಳೆನೀರು ಹರಿಸುವ ತಗಡಿನ ದೋಣಿ ಜಾಯಿಂಟಿನಲ್ಲಿ ಸೋರುತ್ತಿದ್ದರೆ ಅಲ್ಯೂಮಿನಿಯಂ ಹೊದಿಕೆ ಇರುವ ಬ್ಯುಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರಿನ ಪಟ್ಟಿ) ತಗೊಳ್ಳಿ. ಮಲೆನಾಡಿನ ಸಾಗರ ಪೇಟೆಯ ಹತ್ತಿರದ ನಮ್ಮ ಹೆಂಚಿನ ಮನೆಗೆ ಮೂರನ್ನೂ ಹಾಕಿ ನೋಡಿದ್ದೇನೆ. ಆಷಾಢದ ಮಳೆಯನ್ನು ತಡೆದು ಕೈಕೊಡದೆ ನಿಂತದ್ದು ಆ ಟೇಪೊಂದೇ.

ಎಪಾಕ್ಸಿ ಪುಟ್ಟಿ ಅಗ್ಗ, ನಲ್ಲಿ ಪೈಪಿಗೆ ಒಳ್ಳೆಯದು, ದೋಣಿಗೆ ಬೇಡ. ತಗಡು ಬಿಸಿಲಿಗೆ ಹಿಗ್ಗುತ್ತದೆ, ಮಳೆ ಬಿದ್ದ ಕೂಡಲೇ ಕುಗ್ಗುತ್ತದೆ. ಪುಟ್ಟಿ ಗಟ್ಟಿ, ಜೊತೆಗೆ ಬಾಗುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಮುಗಿಯಿತು.

ಸಿಲಿಕೋನ್ ಬಾಗುತ್ತದೆ, ಮೊದಲ ಮಳೆಗಾಲ ಚೆನ್ನಾಗಿಯೇ ನಿಂತಿತ್ತು. ತೊಂದರೆ ಶುರುವಾಗುವುದು ಅದು ಒಂದು ಕಡೆ ಎದ್ದ ಮೇಲೆ. ಒಣಗಿದ ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಟೇಪ್ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಅಂಟುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಲೇಬೇಕು.

ದಪ್ಪ ಪಟ್ಟಿ ಬ್ಲೇಡಿಗೆ ಸುಲಭವಾಗಿ ಬರುತ್ತದೆ. ಅದರಡಿ ಕಣ್ಣಿಗೆ ಕಾಣದ ಒಂದು ತೆಳು ಪೊರೆ ಉಳಿಯುತ್ತದಲ್ಲ, ಪ್ರಾಣ ತಿನ್ನುವುದು ಅದು. ಬೆರಳಾಡಿಸಿದರೆ ಜಿಡ್ಡು ಜಿಡ್ಡು. ನೀರು ಚಿಮುಕಿಸಿದರೆ ಹನಿ ಹನಿಯಾಗಿ ಉರುಳಿ ಹೋಗುತ್ತಿದ್ದರೆ ಪೊರೆ ಇನ್ನೂ ಇದೆ ಅಂತಲೇ ಅರ್ಥ. ಏಣಿ ಮೇಲೆ ನಿಂತು, ಒಂದು ಕೈಯಲ್ಲಿ ಮಾಡಿನ ಪಕಾಸಿ (ಮರದ ಪಟ್ಟಿ) ಹಿಡಿದು ಇನ್ನೊಂದು ಕೈಯಲ್ಲಿ ಮಧ್ಯಾಹ್ನವಿಡೀ ಉಜ್ಜುವ ಕೆಲಸ ಯಾರಿಗೂ ಬೇಡ. ಜೋರಾಗಿ ಉಜ್ಜಿದರೆ ಸತುವಿನ ಲೇಪ ಹೋಗಿ ಅಲ್ಲೇ ತುಕ್ಕು ಹಿಡಿಯುತ್ತದೆ.

ಇನ್ನೊಂದು ವಿಷಯ. ವಿನೆಗರ್ ವಾಸನೆಯ ಸಿಲಿಕೋನ್ ಗಾಜಿಗೆ ಸರಿ, ಆದರೆ ಅದರ ಹುಳಿ ಸತುವನ್ನು ತಿನ್ನುತ್ತದೆ. ಹಾಕುವುದೇ ಆದರೆ ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತನ್ನಿ. ಅದೂ ಗಟ್ಟಿಯಾಗಲು ಒಂದು ದಿನ ಮಳೆ ಬಿಡಬೇಕು. ಜುಲೈನಲ್ಲಿ ನಮ್ಮ ಕಡೆ ಅಂಥ ದಿನ ಎಲ್ಲಿ ಸಿಗುತ್ತದೆ?

ಟೇಪಿಗೆ ಅಷ್ಟೊಂದು ಕಾಯಬೇಕಿಲ್ಲ. ಸ್ವಲ್ಪ ಹೊತ್ತು ಮಳೆ ಹೊಳವಾದರೆ ಸಾಕು, ಪಾಚಿ ಕೆರೆದು, ಒಣಬಟ್ಟೆಯಲ್ಲಿ ಒರೆಸಿ, ಥಿನ್ನರ್ ಸವರಿ ಅಂಟಿಸಿಬಿಡಬಹುದು. ತಗಡು ಮಾತ್ರ ಪೂರ್ತಿ ಒಣಗಿರಬೇಕು. ದೋಣಿಯ ಒಳಗಡೆಯಿಂದಲೇ ಹಾಕಿ, ಹೊರಗಿನಿಂದ ಹಾಕಿದರೆ ನೀರಿನ ಭಾರವೇ ಅದನ್ನು ಬಿಡಿಸುತ್ತದೆ. ಎರಡು ತುಂಡು ಬೇಕಾದರೆ ನೀರು ಹರಿದು ಹೋಗುವ ಕಡೆಯದನ್ನು ಮೊದಲು ಹಾಕಿ, ಮೇಲಿನದು ಅದರ ಮೇಲೆ ಬರಲಿ, ಹೆಂಚು ಹೊದಿಸಿದ ಹಾಗೆ. ಆಮೇಲೆ ಗಾಜಿನ ಬಾಟಲಿ ಉರುಳಿಸಿ ಒತ್ತಿ. ಸುಕ್ಕು ಉಳಿದರೆ ಅಲ್ಲಿಂದಲೇ ನೀರು ನುಗ್ಗುತ್ತದೆ.

ಬೆಲೆ ಸಿಲಿಕೋನ್ ಟ್ಯೂಬಿಗಿಂತ ಜಾಸ್ತಿ, ನಿಜ. ಆದರೆ ಒಂದು ರೋಲಿನಲ್ಲಿ ನಮ್ಮ ಮನೆಯ ಜಾಯಿಂಟುಗಳೆಲ್ಲ ಮುಗಿದು ಕೊಟ್ಟಿಗೆಯ ದೋಣಿಗೂ ಉಳಿಯಿತು. ಅಡಿಕೆಗೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಮತ್ತೆ ಮತ್ತೆ ಏಣಿ ಹತ್ತಲು ನನಗೆ ಪುರುಸೊತ್ತಿಲ್ಲ, ಹಾಗಾಗಿ ಆ ದುಡ್ಡು ನನಗೆ ಹೆಚ್ಚೆನಿಸಲಿಲ್ಲ.

ಯಾವುದನ್ನು ತರುವ ಮೊದಲೂ ದೋಣಿಯ ಇಳಿಜಾರು ನೋಡಿಕೊಳ್ಳಿ. ಹತ್ತು ಅಡಿಗೆ ಅರ್ಧ ಇಂಚಾದರೂ ಇಲ್ಲದಿದ್ದರೆ ನೀರು ಜಾಯಿಂಟಿನಲ್ಲೇ ನಿಲ್ಲುತ್ತದೆ, ದೋಣಿ ಹಿಡಿದಿರುವ ಕ್ಲಾಂಪ್ ಸರಿಮಾಡಿಸಿ. ತಗಡೇ ಜರಡಿಯಾಗಿದ್ದರೆ ಟೇಪೂ ಬೇಡ, ಆ ತುಂಡನ್ನು ಬದಲಾಯಿಸಿ.