ಏಳು ವರ್ಷ, ಐದು ನೈಟಿ, ಒಂದೇ ವೇಲ್

ನೈಟಿಗೂ ವಿಮರ್ಶೆನಾ ಅಂತ ನಗಬೇಡಿ. ನಮ್ಮ ಮನೆಯಲ್ಲಿ ಇಷ್ಟು ಜಗಳ ತಂದ ಬಟ್ಟೆ ಬೇರೆ ಇಲ್ಲ.

ಮೊದಲನೆಯದನ್ನು ತಗೊಂಡಿದ್ದು 2019ರ ಏಪ್ರಿಲ್‌ನಲ್ಲಿ, ಕಲಬುರಗಿಯ ಕಪಡಾ ಬಜಾರಿನಲ್ಲಿ. ಸ್ಯಾಟಿನ್. ಥಳಥಳ ಹೊಳೀತಿತ್ತು, ಮರುಳಾದೆ. ನಮ್ಮ ಕಡೆ ಬೇಸಿಗೆ 42 ಡಿಗ್ರಿ ದಾಟುತ್ತದೆ. ಪಾಲಿಯೆಸ್ಟರ್ ಸ್ಯಾಟಿನ್ ಬೆವರು ಹೀರುವುದಿಲ್ಲ, ಬೆನ್ನಿಗೆ ಅಂಟಿಕೊಂಡು ಕೂರುತ್ತದೆ. ಮೇಲಾಗಿ ಉರಿ ತಗುಲಿದರೆ ಕರಗುತ್ತದೆ. ಒಂದು ದಿನ ರೊಟ್ಟಿ ತಿರುವಿ ಹಾಕುವಾಗ ತೋಳಿನ ಫ್ರಿಲ್‌ಗೆ ಉರಿ ತಗುಲಿ, ಅಂಚು ಕರಗಿ ಕರೀಮಣಿ ಥರ ಗಟ್ಟಿಯಾಯಿತು. ನೆಲ ಒರೆಸೋಕೆ ಇಟ್ಟುಕೊಂಡೆ. ನೀರನ್ನೂ ಹೀರಲಿಲ್ಲ.

ಆಮೇಲಿನ ನಾಲ್ಕೂ ಕಾಟನ್, ಗುಜರಾತಿನ ಜೇತ್‌ಪುರದ ಪ್ರಿಂಟ್. ಐದಾರು ಸಲ ಒಗೆದ ಮೇಲೆ ಹಳೇ ಸೀರೆಯಷ್ಟು ಮೆತ್ತಗಾಗುತ್ತದೆ. ಮೊದಲ ಸಲ ಮಾತ್ರ ಬೇರೆ ಬಕೆಟ್‌ನಲ್ಲಿ ನೆನೆಸಿ. ನನ್ನ ಮರೂನ್ ನೈಟಿ ಬಣ್ಣ ಬಿಟ್ಟು ನಮ್ಮ ಮನೆಯವರ ಬನಿಯನ್ ಗುಲಾಬಿ ಆಗಿತ್ತು. ಅವರು ಅದನ್ನೇ ಒಂದು ವರ್ಷ ಹಾಕಿಕೊಂಡರು. ಉದ್ದ ಎರಡು ಬೆರಳು ಕುಗ್ಗುತ್ತದೆ, 56 ಇಂಚಿನದನ್ನೇ ಕೇಳಿ. ಜೇಬು ಇಲ್ಲದ್ದನ್ನು ಮುಟ್ಟಲೇ ಬೇಡಿ.

ಇನ್ನು ಜಗಳದ ಮಾತು. ಮೊದಲ ದಿನವೇ ಅತ್ತೆ, "ಇದೇನ್ ಹಾಕ್ಕೊಂಡೀ ಯವ್ವಾ, ಜ್ವಾಳದ ಚೀಲ ಕಂಡಂಗ ಕಾಣ್ಲಕತ್ತದ" ಅಂದರು. ಕತ್ತಿನಿಂದ ಹಿಮ್ಮಡಿ ತನಕ ಮುಚ್ಚುತ್ತದಲ್ಲ, ಸೀರೆಯಲ್ಲಿ ಸೊಂಟನಾದರೂ ಕಾಣುತ್ತದೆ ಅಂದೆ. "ಅದಲ್ಲ, ಮಲಗೋ ಬಟ್ಟಿ ಅದು" ಅಂದರು. ಉತ್ತರ ಹೊಳೆಯಲಿಲ್ಲ. ಯಾರಾದರೂ ಬಂದು ಬೆಲ್ ಒತ್ತಿದರೆ ನಾನೂ ಒಳಗೆ ಓಡುತ್ತೇನೆ, ಅಲ್ವಾ?

ಬೀದರಿನ ನಾದಿನಿ ಹಾಗಲ್ಲ. ನೈಟಿಯಲ್ಲೇ ಮಗನನ್ನು ಸ್ಕೂಲ್ ಬಸ್ ಹತ್ತಿಸಿ ಬರುತ್ತಾಳೆ. ಆಂಧ್ರದ ತೋಕಲಪಲ್ಲಿಯಲ್ಲಿ 2018ರಲ್ಲಿ ಹಗಲು ಹೊತ್ತು ನೈಟಿ ಹಾಕಿದರೆ 2,000 ರೂಪಾಯಿ ದಂಡ ಅಂತ ಊರ ಹಿರಿಯರು ಕಟ್ಟು ಮಾಡಿದ್ದರು, ಚಾಡಿ ಹೇಳಿದವರಿಗೆ 1,000 ಬಹುಮಾನ. ಅದನ್ನು ಹೇಳಿದರೆ ನಾದಿನಿ, "ನಮ್ಮ ಓಣ್ಯಾಗಾದ್ರ ಒಬ್ಬಾಕಿನೇ ಲಖಪತಿ ಆಗ್ತಾಳ" ಅಂದಳು. ಯಾರು ಅಂತ ಇಬ್ಬರಿಗೂ ಗೊತ್ತು.

ನನ್ನ ಗೆರೆ ಮೊದಲು ಗೇಟಿನ ತನಕ ಇತ್ತು. ತರಕಾರಿ ಗಾಡಿ ಬಂದರೆ ಬಾಗಿಲ ಹಿಂದಿನ ಮೊಳೆಯಿಂದ ಹಸಿರು ವೇಲ್ ಎಳೆದುಕೊಂಡು ಹೋಗುತ್ತಿದ್ದೆ. ನೈಟಿಯ ಬಣ್ಣ ಯಾವುದಿದ್ದರೂ ವೇಲ್ ಅದೇ. ಮೈ ಮುಚ್ಚುವುದು ನೈಟಿ, ಮರ್ಯಾದೆ ಮಾತ್ರ ವೇಲ್‌ಗೆ! 2020ರ ಲಾಕ್‌ಡೌನ್‌ನಲ್ಲಿ ಆ ಗೆರೆ ಮೂಲೆಯ ಕಿರಾಣಿ ಅಂಗಡಿಗೆ ಸರಿಯಿತು. ವಾಪಸ್ ಬರಲಿಲ್ಲ. ಮೇನ್ ರೋಡ್ ಮಾತ್ರ ಇವತ್ತಿಗೂ ದಾಟಿಲ್ಲ.

ಈಗಿನ ಐದನೆಯದು ನೀಲಿ. ಬಟ್ಟೆ ಗಟ್ಟಿ, ಜಿಪ್ ದಂಡ. ಆರು ತಿಂಗಳಿಗೇ ಹಲ್ಲು ಬಿಟ್ಟಿತು. ಪಿನ್ ಹಾಕಿ ನಡೆಸ್ತಿದ್ದೇನೆ, ಶರಣಬಸವೇಶ್ವರ ಜಾತ್ರೆ ಬರಲಿ, ಗುಂಡಿ ಇರೋದನ್ನು ನೋಡ್ತೀನಿ.